ಚಾಕೊಲೇಟ್ ಊರಿನ ಕರಡಿಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: 2025ರ ಜನವರಿಯಲ್ಲಿ ನಾನೂ ನಮ್ಮ ಯಜಮಾನರೂ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ನಮ್ಮನ್ನು ಹರ್ಷಿ ಎಂಬ ಊರಿಗೆ ಐಸ್ ಹಾಕಿ ಪಂದ್ಯ ತೋರಿಸಲು ಕರೆದುಕೊಂಡು ಹೋದರು. ಮೊಮ್ಮಕ್ಕಳ ಕೈಯಲ್ಲಿ ಒಂದೊಂದು ಕರಡಿ ಗೊಂಬೆ ಇತ್ತು. ಊರಿನ ತಂಡ ಮೊದಲ ಗೋಲು ಹೊಡೆದದ್ದೇ ತಡ, ಇಡೀ ಕ್ರೀಡಾಂಗಣದ ಜನ ಎದ್ದು ನಿಂತು ಗೊಂಬೆಗಳನ್ನು ಮಂಜುಗಡ್ಡೆಯ ಅಂಗಣದ ಮೇಲೆ ಎಸೆಯತೊಡಗಿದರು. ಆಟ ಬಹಳ ಹೊತ್ತು ನಿಂತೇಹೋಯಿತು. ಈ ತಂಡದ ಹಿನ್ನೆಲೆ ಏನು? ಇದು ಅಲ್ಲಿನ ದೊಡ್ಡ ತಂಡವೇ ಎಂದು ಕೇಳಿದರೆ ಅಳಿಯಂದಿರು 'ಅಲ್ಲ, ಮೈನರ್ ಲೀಗ್' ಎಂದು ನಕ್ಕರು. (ಶಿವಮೊಗ್ಗದ ಓದುಗರು)

ಉತ್ತರ: ನೀವು ನೋಡಿದ್ದು ಹರ್ಷಿ ಬೇರ್ಸ್ ತಂಡದ ಪಂದ್ಯವನ್ನು. ಅಳಿಯಂದಿರ ಮಾತು ನಿಜ, ಅದು ಎರಡನೆಯ ದರ್ಜೆಯ ಲೀಗಿನ ತಂಡ. ಆದರೆ ಅಮೆರಿಕನ್ ಹಾಕಿ ಲೀಗ್ ಎಂಬ ಆ ಲೀಗಿನಲ್ಲಿ 1938ರಿಂದ ಒಂದೇ ಊರಿನಲ್ಲಿ, ಒಂದು ಋತುವನ್ನೂ ತಪ್ಪಿಸದೆ ನೆಲೆ ನಿಂತಿರುವುದು ಈ ತಂಡವೊಂದೇ. ಅಮೆರಿಕದ ಕ್ರೀಡಾ ತಂಡಗಳು ಲಾಭ ಕಂಡ ಕಡೆಗೆ ಹೆಸರು, ಸಮವಸ್ತ್ರ, ಆಟಗಾರರ ಸಮೇತ ಊರು ಬಿಟ್ಟು ಊರಿಗೆ ಹೋಗುವುದು ಸಾಮಾನ್ಯ ಸಂಗತಿಯಾಗಿರುವಾಗ, ಸುಮಾರು 14,000 ಜನಸಂಖ್ಯೆಯ ಒಂದು ಸಣ್ಣ ಊರು ತನ್ನ ತಂಡವನ್ನು ಇಷ್ಟು ಕಾಲ ಉಳಿಸಿಕೊಂಡದ್ದು ಹೇಗೆಂಬುದೇ ಈ ಚರಿತ್ರೆಯಲ್ಲಿ ಮುಖ್ಯವಾದದ್ದೆಂದು ನನ್ನ ಭಾವನೆ.

ಆ ಊರಿನ ಮುಖ್ಯ ರಸ್ತೆಯ ಹೆಸರು ಚಾಕೊಲೇಟ್ ಅವೆನ್ಯೂ. ಅಲ್ಲಿನ ಬೀದಿದೀಪಗಳು ಕಾಗದ ಸುತ್ತಿದ ಚಾಕೊಲೇಟ್ ತುಣುಕಿನ ಆಕಾರದಲ್ಲಿರುವುದನ್ನು ನೀವೂ ಗಮನಿಸಿರಬಹುದು. ಮಿಲ್ಟನ್ ಹರ್ಷಿ ಎಂಬ ಮಿಠಾಯಿ ವ್ಯಾಪಾರಿ 1900ರ ದಶಕದ ಮೊದಲ ವರ್ಷಗಳಲ್ಲಿ ಹೈನುಗಾರಿಕೆಯ ಆ ನಾಡಿನಲ್ಲಿ ಕಾರ್ಖಾನೆ ಕಟ್ಟಿ, ಅದರ ಸುತ್ತ ಕೆಲಸಗಾರರ ಮನೆಗಳು, ಉದ್ಯಾನ, ಟ್ರಾಂ ಮಾರ್ಗಗಳನ್ನು ಎಬ್ಬಿಸಿದನು. ಮಕ್ಕಳಿಲ್ಲದ ಅವನೂ ಅವನ ಪತ್ನಿ ಕ್ಯಾಥರೀನಳೂ 1909ರಲ್ಲಿ ಅನಾಥ ಬಾಲಕರಿಗಾಗಿ ಒಂದು ವಸತಿ ಶಾಲೆಯನ್ನು ತೆರೆದರು. ಕ್ಯಾಥರೀನ್ 1915ರಲ್ಲಿ ತೀರಿಕೊಂಡ ಮೇಲೆ ಅವನು ತನ್ನ ಆಸ್ತಿಯ ಬಹುಪಾಲನ್ನು ಆ ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟನು. ಈ ಟ್ರಸ್ಟಿನ ಮಾತು ತಂಡದ ಕಥೆಯಲ್ಲಿ ಮುಂದೆ ಮತ್ತೆ ಬರುತ್ತದೆ.

ಊರಿನ ಜನರಿಗೆ ಹಾಕಿಯ ರುಚಿ ಹತ್ತಿದ್ದು 1931ರಲ್ಲಿ, ಅಲ್ಲಿನ ಸಭಾಂಗಣದಲ್ಲಿ ಮಂಜುಗಡ್ಡೆ ಹಾಸಿ ಆಡಿಸಿದ ಪಂದ್ಯದಿಂದ. ಮರುವರ್ಷವೇ, ಅಂದರೆ 1932ರಲ್ಲಿ, ಊರಿಗೆ ಸ್ವಂತ ತಂಡ ಬಂತು. ಆರಂಭದ ವರ್ಷಗಳಲ್ಲಿ ಅದನ್ನು ಕರೆದದ್ದು ಹರ್ಷಿ ಬಾರ್ಸ್ ಎಂದು. ಚಾಕೊಲೇಟ್ ಬಾರ್ ಎಂಬುದರ ಮೇಲಿನ ಪದಚಮತ್ಕಾರ ಅದು. ಇದು ತಂಡದ ಹೆಸರಲ್ಲ, ಮಿಠಾಯಿಯ ಜಾಹೀರಾತು ಎಂದು ನ್ಯೂಯಾರ್ಕಿನ ಕ್ರೀಡಾ ಬರಹಗಾರರು ಆಕ್ಷೇಪಿಸಿದರೆಂದು ಹೇಳುತ್ತಾರೆ. 1936ರಲ್ಲಿ ಉಚ್ಚಾರಣೆ ಸ್ವಲ್ಪವೇ ಸರಿದು ಬಾರ್ಸ್ ಹೋಗಿ ಬೇರ್ಸ್, ಅಂದರೆ ಕರಡಿಗಳು, ಆಯಿತು. ನಿಮ್ಮ ಮೊಮ್ಮಕ್ಕಳ ಕೈಗೆ ಕರಡಿ ಗೊಂಬೆ ಬಂದದ್ದಕ್ಕೆ ದೂರದ ಕಾರಣ ಈ ಹೆಸರು ಬದಲಾವಣೆಯೇ ಎಂದರೆ ತಪ್ಪಾಗದು.

ತಂಡದ ಮೊದಲ ಮನೆ ಕಟ್ಟಿದ ಕಾಲವನ್ನೂ ನೆನೆಯಬೇಕು. 1930ರ ದಶಕದಲ್ಲಿ ಅಮೆರಿಕವನ್ನು ಮಹಾ ಆರ್ಥಿಕ ಕುಸಿತ ಹಿಡಿದಿತ್ತು. ಆಗ ಸಕ್ಕರೆ, ಸಿಮೆಂಟು, ಕಬ್ಬಿಣ ಎಲ್ಲವೂ ಅಗ್ಗವಾಗಿದ್ದುದರಿಂದ ಮಿಲ್ಟನ್ ಹರ್ಷಿ ತನ್ನ ಊರಿನ ಕೆಲಸಗಾರರನ್ನು ಮನೆಗೆ ಕಳುಹಿಸುವ ಬದಲು ಕಟ್ಟಡಗಳ ಕೆಲಸಕ್ಕೆ ಹಚ್ಚಿದನು. ಬೆಟ್ಟದ ಮೇಲಿನ ದೊಡ್ಡ ಹೋಟೆಲು, ಸಮುದಾಯ ಭವನ, ಕೊನೆಗೆ 1936ರಲ್ಲಿ ಹಾಕಿಯ ಕ್ರೀಡಾಂಗಣ ಹೀಗೆ ಎದ್ದವು. ಅಗೆಯುವ ಯಂತ್ರವೊಂದು ನಲವತ್ತು ಜನರ ಕೆಲಸ ಮಾಡುತ್ತದೆಂದು ಮೇಸ್ತ್ರಿ ಹೆಮ್ಮೆಯಿಂದ ತೋರಿಸಿದಾಗ, ಹಾಗಾದರೆ ಯಂತ್ರವನ್ನು ತೆಗೆದು ನಲವತ್ತು ಜನರನ್ನೇ ಕರೆಯಿರಿ ಎಂದು ಅವನು ಹೇಳಿದನೆಂಬ ಕಥೆಯನ್ನು ಆ ಊರಿನವರು ಇಂದಿಗೂ ಹೇಳುತ್ತಾರೆ. ಆದರೆ ಒಬ್ಬನೇ ಯಜಮಾನನ ಊರಿನಲ್ಲಿ ಎಲ್ಲವೂ ಸುಗಮವಾಗಿತ್ತೆಂದು ತಿಳಿಯಬಾರದು. ಕ್ರೀಡಾಂಗಣ ತೆರೆದ ಕೆಲವೇ ತಿಂಗಳಲ್ಲಿ, 1937ರ ಏಪ್ರಿಲ್‌ನಲ್ಲಿ, ಕಾರ್ಖಾನೆಯ ಕಾರ್ಮಿಕರು ಒಳಗೇ ಕುಳಿತು ಮುಷ್ಕರ ಹೂಡಿದರು. ಹಾಲು ಮಾರಾಟವಾಗದೆ ನಷ್ಟಕ್ಕೊಳಗಾದ ರೈತರೂ ಮುಷ್ಕರಕ್ಕೆ ಸೇರದ ನೌಕರರೂ ನುಗ್ಗಿ ಅವರನ್ನು ಹೊಡೆದು ಹೊರಗೆ ಹಾಕಿದರು. ಅದೂ ಆ ಊರಿನ ಚರಿತ್ರೆಯೇ.

1938ರಲ್ಲಿ ಬೇರ್ಸ್ ತಂಡ ಇಂದಿನ ಲೀಗನ್ನು ಸೇರಿತು. ಲೀಗಿನ ಪ್ರಶಸ್ತಿಯಾದ ಕಾಲ್ಡರ್ ಕಪ್ ಮೊದಲ ಬಾರಿಗೆ ಊರಿಗೆ ಬಂದದ್ದು 1947ರಲ್ಲಿ. ಅದನ್ನು ನೋಡಲು ಮಿಲ್ಟನ್ ಹರ್ಷಿ ಇರಲಿಲ್ಲ, ಅವನು 1945ರಲ್ಲಿ ತೀರಿಕೊಂಡಿದ್ದನು. ಅನಂತರ 1958, 1959, 1969, 1974, 1980, 1988, 1997, 2006, 2009, 2010, 2023 ಮತ್ತು 2024ರಲ್ಲಿ ಗೆದ್ದು ಒಟ್ಟು 13 ಕಪ್‌ಗಳಾದವು. ಲೀಗಿನಲ್ಲಿ ಇಷ್ಟು ಕಪ್ ಬೇರೆ ಯಾರಲ್ಲೂ ಇಲ್ಲ.

ಈ ಗೆಲುವುಗಳ ಹಿಂದೆ ಒಬ್ಬ ವ್ಯಕ್ತಿಯ ಹೆಸರನ್ನು ಹೇಳದಿದ್ದರೆ ಉತ್ತರ ಅಪೂರ್ಣವಾಗುತ್ತದೆ. ಫ್ರಾಂಕ್ ಮ್ಯಾಥರ್ಸ್ ಕೆನಡಾದ ವಿನ್ನಿಪೆಗ್ ನಗರದವರು. ಮೇಲಿನ ದರ್ಜೆಯ ನ್ಯಾಷನಲ್ ಹಾಕಿ ಲೀಗಿನಲ್ಲಿ ಅವರು ಎರಡು ಡಜನ್ ಪಂದ್ಯಗಳನ್ನೂ ಆಡಿರಲಿಲ್ಲ. 1956ರಲ್ಲಿ ಆಟಗಾರನೂ ತರಬೇತುದಾರನೂ ಆಗಿ ಹರ್ಷಿಗೆ ಬಂದವರು, ಆಟ ನಿಲ್ಲಿಸಿ ತರಬೇತುದಾರರಾಗಿ, ಬಳಿಕ ಆಡಳಿತ ವಹಿಸಿಕೊಂಡು ಅಧ್ಯಕ್ಷರಾಗಿ, 1991ರವರೆಗೆ ಒಂದೇ ತಂಡದ ಸೇವೆಯಲ್ಲಿ 35 ವರ್ಷ ಕಳೆದರು. ಆ ಅವಧಿಯಲ್ಲಿ ಆರು ಕಪ್‌ಗಳು ಬಂದವು. 1992ರಲ್ಲಿ ಹಾಕಿಯ ಕೀರ್ತಿಭವನದಲ್ಲಿ ಅವರಿಗೆ ಸ್ಥಾನ ದೊರೆಯಿತು. ಸಣ್ಣ ಊರಿನ, ಎರಡನೆಯ ದರ್ಜೆಯ ತಂಡಕ್ಕೆ ಬದುಕನ್ನು ಕೊಟ್ಟವರಿಗೆ ಆ ಗೌರವ ಸಿಕ್ಕಿತೆಂಬುದು ಅವರನ್ನು ಬಲ್ಲವರಿಗೆಲ್ಲ ಸಂತೋಷದ ವಿಷಯವಾಗಿತ್ತು, ಈ ಚರಿತ್ರೆಯನ್ನು ಓದಿದ ನನಗೂ ಹಾಗೆಯೇ ಅನ್ನಿಸಿತು.

ಇನ್ನು ಗೊಂಬೆಗಳ ವಿಷಯ. ಈ ಪದ್ಧತಿ ಹರ್ಷಿಯಲ್ಲಿ ಹುಟ್ಟಿದ್ದಲ್ಲ. 1993ರಲ್ಲಿ ಕೆನಡಾದ ಕಾಮ್ಲೂಪ್ಸ್ ಊರಿನ ಕಿರಿಯರ ತಂಡವೊಂದು ಇದನ್ನು ಆರಂಭಿಸಿತು. ಹರ್ಷಿಯವರು ಕೆಲವು ವರ್ಷಗಳ ಬಳಿಕ ಅದನ್ನು ತಮ್ಮದಾಗಿಸಿಕೊಂಡು, ಹೆಸರಿಗೂ ಒಪ್ಪುವಂತಿದ್ದುದರಿಂದ, ವರ್ಷದಿಂದ ವರ್ಷಕ್ಕೆ ಬೆಳೆಸಿದರು. 2024ರ ಜನವರಿಯಲ್ಲಿ ಒಂದೇ ಪಂದ್ಯದಲ್ಲಿ 74,599 ಗೊಂಬೆಗಳು ಬಿದ್ದಿದ್ದವು. ನೀವು ಹೋಗಿದ್ದು ಅದರ ಮರುವರ್ಷದ ಪಂದ್ಯಕ್ಕೆ. ಅಂದು ಎಣಿಸಿದಾಗ ಸಿಕ್ಕ ಲೆಕ್ಕ 1,02,343. ಲಕ್ಷದ ಗಡಿ ದಾಟಿದ್ದು ಅದೇ ಮೊದಲು, ಹಾಗಾಗಿ ನಿಮ್ಮ ಮೊಮ್ಮಕ್ಕಳ ಗೊಂಬೆಗಳೂ ಆ ದಾಖಲೆಯೊಳಗೆ ಸೇರಿವೆ. ಆಟಗಾರರೇ ಸ್ಕೇಟ್ ಕಟ್ಟಿಕೊಂಡು ಗೊಂಬೆಗಳ ರಾಶಿಯ ನಡುವೆ ಓಡಾಡಿ, ಸ್ವಯಂಸೇವಕರೊಡನೆ ಅವನ್ನು ಬಾಚಿ ತುಂಬುತ್ತಾರೆ. ಅನಂತರ ಅವು ಸುತ್ತಲಿನ ಸೇವಾಸಂಸ್ಥೆಗಳ ಮೂಲಕ ಮಕ್ಕಳನ್ನು ತಲುಪುತ್ತವೆ.

ಪ್ರಶ್ನೆ: ಮೈನರ್ ಲೀಗ್ ಎಂದರೆ ಕಳಪೆ ಆಟವೆಂದೇ ಅರ್ಥವೇ? ಯೂರೋಪಿನ ಫುಟ್‌ಬಾಲ್‌ನಂತೆ ಗೆದ್ದ ತಂಡ ಮೇಲಿನ ಲೀಗಿಗೆ ಏರುವುದಿಲ್ಲವೇಕೆ? (ಧಾರವಾಡದ ವಿದ್ಯಾರ್ಥಿ)

ಉತ್ತರ: ಏರುವುದು ಆಟಗಾರ, ತಂಡವಲ್ಲ. ಹರ್ಷಿ ಆಡುವ ಅಮೆರಿಕನ್ ಹಾಕಿ ಲೀಗಿನ 32 ತಂಡಗಳಲ್ಲಿ ಪ್ರತಿಯೊಂದೂ ನ್ಯಾಷನಲ್ ಹಾಕಿ ಲೀಗಿನ ಒಂದು ತಂಡದೊಡನೆ ಒಪ್ಪಂದ ಮಾಡಿಕೊಂಡಿರುತ್ತದೆ. ಹರ್ಷಿಗೆ 2005ರಿಂದ ಆ ಹಿರಿಯ ತಂಡ ವಾಷಿಂಗ್ಟನ್ ಕ್ಯಾಪಿಟಲ್ಸ್. ಮುಖ್ಯ ಆಟಗಾರರಲ್ಲಿ ಹೆಚ್ಚಿನವರ ಕರಾರು ವಾಷಿಂಗ್ಟನ್ ತಂಡದೊಡನೆ ಇರುತ್ತದೆ. ಅಲ್ಲಿ ಒಬ್ಬನಿಗೆ ಪೆಟ್ಟಾದರೆ ಹರ್ಷಿಯ ಒಬ್ಬ ಆಟಗಾರನಿಗೆ ಬೆಳಿಗ್ಗೆ ಫೋನು ಬರುತ್ತದೆ, ಸಂಜೆಯ ಹೊತ್ತಿಗೆ ಅವನು ವಾಷಿಂಗ್ಟನ್ನಿನ ಅಂಗಣದಲ್ಲಿರಬಹುದು. ಊರಿನ ಪ್ರೇಕ್ಷಕರು ಯಾರನ್ನು ಹೆಚ್ಚು ಮೆಚ್ಚುತ್ತಾರೋ ಅವನೇ ಮೊದಲು ಹೊರಟುಹೋಗುತ್ತಾನೆ. ಇಂತಹ ತಂಡವನ್ನು ಪ್ರೀತಿಸುವುದು ಸುಲಭದ ಕೆಲಸವಲ್ಲ. 2010ರಲ್ಲಿ ಹರ್ಷಿಗೆ ಕಪ್ ಗೆದ್ದುಕೊಟ್ಟ ತಂಡದಲ್ಲಿದ್ದ ಗೋಲ್‌ಕೀಪರ್ ಬ್ರೇಡನ್ ಹೋಲ್ಟ್‌ಬಿ ಮತ್ತು ರಕ್ಷಣಾ ಆಟಗಾರ ಜಾನ್ ಕಾರ್ಲ್ಸನ್ 2018ರಲ್ಲಿ ವಾಷಿಂಗ್ಟನ್ನಿನ ಪರ ನ್ಯಾಷನಲ್ ಹಾಕಿ ಲೀಗಿನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಎತ್ತಿದರು.

ಕಳಪೆ ಎಂಬ ಮಾತಿಗೆ ಬರುವುದಾದರೆ, 1967ರವರೆಗೆ ನ್ಯಾಷನಲ್ ಹಾಕಿ ಲೀಗಿನಲ್ಲಿ ಇದ್ದದ್ದೇ ಆರು ತಂಡಗಳು. ಅಲ್ಲಿ ಜಾಗ ಸಿಗದ ಅತ್ಯುತ್ತಮ ಆಟಗಾರರು ಬದುಕಿಡೀ ಕೆಳಗಿನ ಲೀಗಿನಲ್ಲೇ ಉಳಿದರು. ವಿಲ್ಲಿ ಮಾರ್ಷಲ್ ಅಂಥವರಲ್ಲಿ ಒಬ್ಬರು. 1950 ಮತ್ತು 60ರ ದಶಕಗಳಲ್ಲಿ ಹಲವು ವರ್ಷ ಹರ್ಷಿಗೆ ಆಡಿದ ಅವರು ತಮ್ಮ ಲೀಗ್ ಜೀವನದಲ್ಲಿ ಹೊಡೆದ 523 ಗೋಲುಗಳ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಲೀಗಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಪ್ರತಿ ವರ್ಷ ಕೊಡುವ ಪ್ರಶಸ್ತಿ ಈಗ ಅವರ ಹೆಸರಿನಲ್ಲಿದೆ.

ಪ್ರಶ್ನೆ: ಹಿರಿಯ ತಂಡ ಒಪ್ಪಂದ ಮುರಿದುಕೊಂಡರೆ ಇಂಥ ತಂಡದ ಗತಿ ಏನು? ತಂಡದ ಒಡೆತನ ಚಾಕೊಲೇಟ್ ಕಂಪನಿಯದೇ? (ಮಂಗಳೂರಿನ ಓದುಗರು)

ಉತ್ತರ: ಹರ್ಷಿಯಲ್ಲಿ ಅದು ನಡೆದಿದೆ. 1984ರಿಂದ ಫಿಲಡೆಲ್ಫಿಯಾ ಫ್ಲೈಯರ್ಸ್ ಹರ್ಷಿಯ ಹಿರಿಯ ತಂಡವಾಗಿತ್ತು. ಆ ಅವಧಿಯಲ್ಲೇ, 1988ರಲ್ಲಿ, ಬೇರ್ಸ್ ಪ್ಲೇಆಫ್‌ನ, ಅಂದರೆ ಋತುವಿನ ಕೊನೆಯಲ್ಲಿ ಕಪ್ಪಿಗಾಗಿ ನಡೆಯುವ ಸುತ್ತುಗಳ, 12 ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಕಪ್ ಗೆದ್ದಿತು. 1996ರಲ್ಲಿ ಫ್ಲೈಯರ್ಸ್ ಹೊಸ ಕ್ರೀಡಾಂಗಣಕ್ಕೆ ಹೋದಾಗ ನಗರದಲ್ಲಿ ಖಾಲಿಯಾದ ಹಳೆಯ ಕ್ರೀಡಾಂಗಣಕ್ಕೆಂದು ಅವರೇ ಒಂದು ಕಿರಿಯ ತಂಡವನ್ನು ಹುಟ್ಟುಹಾಕಿ ಹರ್ಷಿಯ ಕೈ ಬಿಟ್ಟರು. ಬೇರೆ ಊರಾಗಿದ್ದರೆ ತಂಡ ಅಲ್ಲಿಗೆ ಮುಗಿಯುತ್ತಿತ್ತೇನೋ. ಹರ್ಷಿಯವರು ಕೊಲರಾಡೊ ತಂಡದೊಡನೆ ಹೊಸ ಒಪ್ಪಂದ ಮಾಡಿಕೊಂಡು, ಅದರ ಮೊದಲ ಋತುವಿನಲ್ಲೇ, ಅಂದರೆ 1997ರಲ್ಲಿ, ಕಪ್ ಗೆದ್ದರು.

ಇದು ಸಾಧ್ಯವಾದದ್ದು ಒಡೆತನದ ರೀತಿಯಿಂದ. ತಂಡ ಹಿರಿಯ ತಂಡದ ಸ್ವತ್ತಲ್ಲ, ನೇರವಾಗಿ ಚಾಕೊಲೇಟ್ ಕಂಪನಿಯದೂ ಅಲ್ಲ. ಊರಿನ ಉದ್ಯಾನ, ಹೋಟೆಲುಗಳನ್ನು ನಡೆಸುವ ಪ್ರತ್ಯೇಕ ಸಂಸ್ಥೆಯೊಂದು ಅದರ ಒಡೆಯ, ಆ ಸಂಸ್ಥೆಯ ಒಡೆತನ ಇರುವುದು ನಾನು ಮೊದಲೇ ಹೇಳಿದ ಶಾಲೆಯ ಟ್ರಸ್ಟಿನ ಬಳಿ. ಬಡ ಕುಟುಂಬಗಳ ಗಂಡು ಹೆಣ್ಣು ಮಕ್ಕಳು ಉಚಿತವಾಗಿ ಓದುವ ಆ ಶಾಲೆ ಇಂದಿಗೂ ಅದೇ ಊರಿನಲ್ಲಿದೆ. ಊರು ಬಿಟ್ಟು ಹೋಗಲಾಗದ ಒಡೆಯನಿರುವ ತಂಡ ಊರು ಬಿಟ್ಟು ಹೋಗುವುದಿಲ್ಲ.

ಆ ಗಟ್ಟಿತನ ಆಟದಲ್ಲೂ ಇಳಿದಿದೆಯೇ ಎಂದು 2023ರ ಫೈನಲ್ ನೋಡಿದವರು ಕೇಳಿಕೊಂಡಿರಬೇಕು. ಕ್ಯಾಲಿಫೋರ್ನಿಯಾದ ಕೊಚೆಲಾ ವ್ಯಾಲಿ ತಂಡದೆದುರು ಮೊದಲ ಎರಡು ಪಂದ್ಯಗಳಲ್ಲಿ ಹರ್ಷಿ ಒಂದು ಗೋಲನ್ನೂ ಹೊಡೆಯದೆ ಸೋತಿತ್ತು. ಏಳನೆಯ ಪಂದ್ಯದವರೆಗೆ ಹಣಾಹಣಿ ನಡೆದು, ಅದರಲ್ಲೂ 0-2 ಹಿಂದೆ ಬಿದ್ದಿದ್ದ ತಂಡ ಸಮ ಮಾಡಿಕೊಂಡು, ಹೆಚ್ಚುವರಿ ಅವಧಿಯಲ್ಲಿ ಮೈಕ್ ವೆಕಿಯೋನಿ ಹೊಡೆದ ಗೋಲಿನಿಂದ 3-2ರಲ್ಲಿ ಗೆದ್ದಿತು. ಮರುವರ್ಷ ಅದೇ ಎದುರಾಳಿ, ಮತ್ತೆ ಹೆಚ್ಚುವರಿ ಅವಧಿಯ ಗೋಲು, ಮತ್ತೆ ಕಪ್.

ಪ್ರಶ್ನೆ: ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಹರ್ಷಿಯ ಹಳೆಯ ಹಾಕಿ ಕ್ರೀಡಾಂಗಣದ ಛಾವಣಿಯ ಬಗ್ಗೆ ವಿದ್ಯಾರ್ಥಿಯಾಗಿದ್ದಾಗ ಕೇಳಿದ್ದೆ. ಅದು ಈಗಲೂ ಇದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಇದೆ. ಅದರ ವಿನ್ಯಾಸ ಆಂಟನ್ ಟೆಡೆಸ್ಕೊ ಎಂಬ ಎಂಜಿನಿಯರರದು. ಜರ್ಮನಿಯಲ್ಲಿ ಬೆಳೆದ ತೆಳು ಕಾಂಕ್ರೀಟ್ ಕಮಾನಿನ ತಂತ್ರವನ್ನು ಅಮೆರಿಕಕ್ಕೆ ತಂದವರು ಅವರು. ಸುಮಾರು 68 ಮೀಟರ್ ಅಗಲವನ್ನು ನಡುವೆ ಒಂದು ಕಂಬವೂ ಇಲ್ಲದೆ ದಾಟುವ ಆ ಛಾವಣಿಯ ಚಿಪ್ಪು ಬಹುಪಾಲು ಕಡೆ ಒಂಬತ್ತು ಸೆಂಟಿಮೀಟರ್‌ನಷ್ಟೇ ದಪ್ಪ, ಅಂದರೆ ಒಂದು ಗೇಣಿನ ಅರ್ಧಕ್ಕಿಂತ ತೆಳುವು. ಹೊರೆಯನ್ನು ನೆಲಕ್ಕೆ ಒಯ್ಯುವುದು ಅದಕ್ಕೆ ಅಂಟಿಕೊಂಡ ಕಮಾನು ಪಕ್ಕೆಗಳು. ಹಿಂದೆಂದೂ ಇಂಥದ್ದನ್ನು ಕಟ್ಟಿರದ ಊರಿನ ಕೆಲಸಗಾರರ ಕೈಗಳು ಇದನ್ನು ಎಬ್ಬಿಸಿದವೆಂಬುದು ನನಗೆ ಲೆಕ್ಕಕ್ಕಿಂತಲೂ ದೊಡ್ಡ ಆಶ್ಚರ್ಯ.

ಆ ಛಾವಣಿಯ ಕೆಳಗೇ 1962ರ ಮಾರ್ಚ್ 2ರಂದು, ಹಾಕಿಯ ಮಂಜುಗಡ್ಡೆಯ ಬದಲು ಮರದ ಹಲಗೆಯ ಅಂಗಣದಲ್ಲಿ, ವಿಲ್ಟ್ ಚೇಂಬರ್ಲೇನ್ ಒಂದೇ ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ 100 ಅಂಕ ಗಳಿಸಿದರು. ನೋಡಲು ಬಂದಿದ್ದವರು 4,124 ಜನ, ಟೆಲಿವಿಷನ್ನಿನವರು ಯಾರೂ ಬಂದಿರಲಿಲ್ಲ.

2002ರಲ್ಲಿ ಬೇರ್ಸ್ ತಂಡ ಸುಮಾರು 10,500 ಆಸನಗಳ ಹೊಸ ಕ್ರೀಡಾಂಗಣಕ್ಕೆ ಹೋಯಿತು. ಶಿವಮೊಗ್ಗದ ಓದುಗರು ಪಂದ್ಯ ನೋಡಿದ್ದು ಅಲ್ಲಿ. ಹಳೆಯದನ್ನು ಕೆಡವಲಿಲ್ಲ. ಉದ್ಯಾನದ ಪಕ್ಕದಲ್ಲೇ ನಿಂತಿರುವ ಅದರೊಳಗೆ ಈಗಲೂ ಮಂಜುಗಡ್ಡೆ ಹಾಸುತ್ತಾರೆ. ಹತ್ತಿರದ ಕಾಲೇಜಿನ ತಂಡಗಳು ಅಲ್ಲಿ ಆಡುತ್ತವೆ, ಬಿಡುವಿನ ಹೊತ್ತಿನಲ್ಲಿ ಊರಿನ ಮಕ್ಕಳು ಸ್ಕೇಟಿಂಗ್ ಕಲಿಯುತ್ತಾರೆ. ಆ ಕಡೆಗೆ ಹೋಗುವ ಅವಕಾಶ ಬಂದರೆ ಒಳಗೆ ಹೋಗಿ, ಮೇಲಿನ ಸಾಲಿನ ಆಸನದಲ್ಲಿ ಕುಳಿತು, ಕತ್ತೆತ್ತಿ ಛಾವಣಿಯನ್ನು ನೋಡಿ. ಕಾಂಕ್ರೀಟಿನ ಮೇಲೆ ಅಚ್ಚಿನ ಹಲಗೆಗಳ ಗುರುತು ಹುಡುಕುವ ಕಣ್ಣು ನಿಮ್ಮದಾಗಿರುತ್ತದೆ.