ಬಗ್ಗಿದರೆ ಕೈ ಪಾದಕ್ಕೆ ತಾಗುತ್ತಿಲ್ಲ

ಪ್ರಶ್ನೆ: ಎರಡು ತಿಂಗಳಿಂದ ತೊಡೆಯ ಹಿಂಭಾಗಕ್ಕೆ ಸ್ಟ್ರೆಚಿಂಗ್ ಮಾಡುತ್ತಿದ್ದೇನೆ. ಹಲ್ಲು ಕಚ್ಚಿ ನೋವು ತಡೆದುಕೊಂಡರೂ ಕೈ ಪಾದ ಮುಟ್ಟುತ್ತಿಲ್ಲ. ಏನು ತಪ್ಪಾಗುತ್ತಿದೆ?

ಉತ್ತರ: ಹಲ್ಲು ಕಚ್ಚುವುದೇ ತಪ್ಪು. ನೋವಾಗುವಷ್ಟು ಎಳೆದರೆ ಸ್ನಾಯು ತನ್ನನ್ನು ಕಾಪಾಡಿಕೊಳ್ಳಲು ಬಿಗಿಯುತ್ತದೆ. ಜಗ್ಗಿ ಜಗ್ಗಿ ಬಗ್ಗಿದರೂ ಅಷ್ಟೇ. 5 ನಿಮಿಷ ನಡೆದು ಮೈ ಬಿಸಿಯಾದ ಮೇಲೆ ಅಂಗಾತ ಮಲಗಿ. ಉದ್ದನೆಯ ಟವೆಲ್ಲನ್ನು ಮೀನಖಂಡದ ಹಿಂದೆ ಹಾಯಿಸಿ ಒಂದು ಕಾಲನ್ನು ಮೇಲೆತ್ತಿ. ಮಂಡಿ ಕೊಂಚ ಸಡಿಲವಾಗಿಯೇ ಇರಲಿ. ಎಳೆತ ಹತ್ತಕ್ಕೆ ಮೂರು, ಹೆಚ್ಚೆಂದರೆ ನಾಲ್ಕರಷ್ಟಿದ್ದರೆ ಸಾಕು. ಹಾಗೇ 2 ನಿಮಿಷ ಇದ್ದು ಉಸಿರನ್ನು ನಿಧಾನವಾಗಿ ಬಿಡುತ್ತಿರಿ. ಸುಮಾರು ಅರ್ಧ ನಿಮಿಷದ ಬಳಿಕ ಬಿಗಿತ ಇಳಿಯತೊಡಗುತ್ತದೆ; ಆಗ ಮಾತ್ರ ಕಾಲನ್ನು ಒಂದಿಂಚು ಹತ್ತಿರ ತನ್ನಿ. ಪ್ರತಿ ಕಾಲಿಗೆ ಎರಡು ಸಲ, ವಾರಕ್ಕೆ 4–5 ದಿನ.

ಸೊಂಟ ನೆಲ ಬಿಟ್ಟು ಮೇಲೆದ್ದರೆ ಬೆನ್ನು ಬಾಗುತ್ತಿದೆ ಎಂದರ್ಥ, ತೊಡೆಗೇನೂ ಸಿಗುತ್ತಿಲ್ಲ. ಎಳೆತ ತೊಡೆಯ ನಡುಭಾಗದಲ್ಲಿ ತಿಳಿಯಬೇಕು. ಮಂಡಿಯ ಹಿಂದೆ ಚುರುಗುಟ್ಟಿ ಪಾದ ಜುಮ್ಮೆಂದರೆ ನರ ಬಿಗಿಯುತ್ತಿದೆ: ಕಾಲು ಇಳಿಸಿ, ಮಂಡಿ ಇನ್ನಷ್ಟು ಮಡಚಿ, ಕಾಲ್ಬೆರಳುಗಳನ್ನು ನಿಮ್ಮತ್ತ ಎಳೆಯಬೇಡಿ. ಆದರೂ ಜುಮ್ಮು ಹೋಗದಿದ್ದರೆ ವೈದ್ಯರಿಗೆ ತೋರಿಸಿ.

ಓಟ, ಆಟಕ್ಕೆ ಮುಂಚೆ ಇಷ್ಟು ದೀರ್ಘವಾಗಿ ಮಾಡಬೇಡಿ. ಸ್ವಲ್ಪ ಹೊತ್ತು ಸ್ನಾಯುವಿನ ಬಲ ಕುಗ್ಗುತ್ತದೆ. ಮುಗಿದ ಮೇಲೋ ರಾತ್ರಿಯೋ ಮಾಡಿ.