ಹಸಿರು ಮೈಯ ಮನುಷ್ಯ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಜೋರ್ಡನ್ ಕ್ಯಾಸ್ಟೀಲ್ ಬರೆದ ಭಾವಚಿತ್ರಗಳನ್ನು ಹಾಕಿದ್ದೀರಿ. ಕರಿಯರ ಪಾಡು ತೋರಿಸಹೊರಟವಳು ಅವರಿಗೆ ಹಸಿರು, ನೀಲಿ ಬಳಿದದ್ದೇಕೆ? ಸಮಾಜದ ಸಮಸ್ಯೆಗೆ ಲೇಖನವಿದೆ, ಭಾಷಣವಿದೆ. ಭಾವಚಿತ್ರಕ್ಕೆ ಹೋಲಿಕೆ ಸಾಕು.
– ನಿವೃತ್ತ ಚಿತ್ರಕಲಾ ಶಿಕ್ಷಕ, ದಾವಣಗೆರೆ

ಉತ್ತರ: ಮೇಷ್ಟ್ರೇ, ಅರ್ಧ ಮಾತು ಒಪ್ಪಿದೆ. ಘೋಷಣೆಗೊಂದು ಮುಖ ಅಂಟಿಸಿದರೆ ಚಿತ್ರವಾಗುವುದಿಲ್ಲ. ಅಂಥವು ರಾಶಿ ಬಿದ್ದಿವೆ. ಇನ್ನರ್ಧಕ್ಕೆ ಮಾತ್ರ ನನ್ನ ತಕರಾರಿದೆ.

ಫ್ಲಾರಿಡಾದಲ್ಲಿ 2012ರಲ್ಲಿ ಟ್ರೇವಾನ್ ಮಾರ್ಟಿನ್ ಎಂಬ 17ರ ಕರಿಯ ಹುಡುಗನಿಗೆ ಗುಂಡಿಟ್ಟವನು ಮರುವರ್ಷ ಖುಲಾಸೆಯಾದ. ಸತ್ತಾಗ ಹುಡುಗ ತೊಟ್ಟಿದ್ದ ಹೂಡಿಯ (ತಲೆಮುಸುಕಿನ ಅಂಗಿ) ಬಗ್ಗೆಯೇ ಟೀವಿಯವರು ದಿನಗಟ್ಟಲೆ ಮಾತಾಡಿದರು. ಆಗ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಕ್ಯಾಸ್ಟೀಲ್, ಕಪ್ಪು ಗಂಡಸರನ್ನು ಅವರವರ ಮನೆಯಲ್ಲೇ ಬೆತ್ತಲೆ ಕೂರಿಸಿ ಬರೆದಳು. 2014ರಲ್ಲಿ ಅವನ್ನು ನ್ಯೂಯಾರ್ಕ್‌ನಲ್ಲಿ ತೂಗುಹಾಕಿದಾಗ ಅವಳಿಗೆ 25. ಬಟ್ಟೆ ನೋಡಿ ಪುಂಡ ಎನ್ನೋಣವೆಂದರೆ ಬಟ್ಟೆಯೇ ಇಲ್ಲ. ಬಣ್ಣ ನೋಡಿ ಅನ್ನೋಣವೆಂದರೆ ಮೈ ಹಸಿರು. ಉಳಿದದ್ದು ನೇರ ನೋಡುವ ಕಣ್ಣು, ಸುಮ್ಮನೆ ಬಿದ್ದ ಕೈ, ಸೋಫಾ, ಗೋಡೆ. ಇದನ್ನು ಯಾವ ಭಾಷಣದಲ್ಲಿ ಹೇಳುತ್ತೀರಿ?

ಕಪ್ಪನ್ನೇ ಬಳಿಯಬಹುದಿತ್ತಲ್ಲ ಎನ್ನುತ್ತೀರಿ. ಯಾವ ಕಪ್ಪು? ಅಮೆರಿಕದ ಚಿತ್ರಕಾರ ಕೆರ್ರಿ ಜೇಮ್ಸ್ ಮಾರ್ಷಲ್ ಬಣ್ಣ ಕಲಸುವ ಹಲಗೆಯ ಮೇಲೆ ಮೂರು ಕಪ್ಪುಗಳಿರುತ್ತವೆ: ಸುಟ್ಟ ಮೂಳೆಯ ಐವರಿ ಬ್ಲ್ಯಾಕ್, ಮಸಿಯ ಕಾರ್ಬನ್ ಬ್ಲ್ಯಾಕ್, ಕಬ್ಬಿಣದ ಆಕ್ಸೈಡಿನ ಮಾರ್ಸ್ ಬ್ಲ್ಯಾಕ್. ಮೊದಲನೆಯದು ಕಂದಿಗೆ ವಾಲುತ್ತದೆ, ಎರಡನೆಯದು ನೀಲಿಗೆ, ಮೂರನೆಯದು ದಟ್ಟವಾಗಿ ಮುಚ್ಚುತ್ತದೆ. ಅವಕ್ಕೆ ಕೋಬಾಲ್ಟ್ ನೀಲಿಯನ್ನೋ ಕ್ರೋಮ್ ಹಸಿರನ್ನೋ ಬೆರೆಸಿ ಕಪ್ಪಿನೊಳಗೇ ಬಿಸಿ-ತಂಪು ಹುಟ್ಟಿಸುತ್ತಾನೆ. ಎಣ್ಣೆಬಣ್ಣದಲ್ಲಿ ಮಸಿಯನ್ನು ದಪ್ಪಗೆ ಅಡಿಪದರಕ್ಕೆ ಬಳಿದಿರೋ, ಕೆಟ್ಟಿರಿ: ಅದು ಎಣ್ಣೆ ಹೆಚ್ಚು ಕುಡಿಯುತ್ತದೆ, ನಿಧಾನ ಒಣಗುತ್ತದೆ, ಮೇಲಿನ ಪದರ ಬೇಗ ಒಣಗಿ ಬಿರುಕು ಬಿಡುತ್ತದೆ.

ನಮ್ಮ ವಿದ್ಯಾರ್ಥಿಗಳು ಎಡವುವುದು ಹೊಳಪಿನಲ್ಲಿ. ಕಪ್ಪಿಗೆ ಬಿಳಿ ಕಲಸಿ ಹಣೆಗೆ ಇಟ್ಟರೆ ಬೂದಿ ಬಳಿದಂತಾಗುತ್ತದೆ. ಕಪ್ಪು ಮೈ ಬೆಳಕನ್ನು ಹೆಚ್ಚು ಹೀರುವುದರಿಂದ ಹೊಳಪು ಎದ್ದು ಕಾಣುತ್ತದೆ, ಅದರಲ್ಲಿ ಕಿಟಕಿಯ ಬಣ್ಣವೇ ಕೂತಿರುತ್ತದೆ. ಆಕಾಶ ಕಂಡರೆ ನೀಲಿ, ತೋಟ ಕಂಡರೆ ಹಸಿರು. ಅದನ್ನೇ ಇಡಿ. ನೆರಳಿಗೆ ಬರ್ನ್ಟ್ ಅಂಬರ್ ಎಂಬ ಕಡುಗಂದಿಗೆ ಚೂರು ಕಡುಗೆಂಪು ಬೆರೆಸಿದರೆ ಸಾಕು, ಕಪ್ಪು ಬೇಡ. ಫೋಟೊ ನೋಡಿ ಬರೆಯುವವರಿಗೆ ಇನ್ನೊಂದು ಮೋಸ ಕಾದಿದೆ. ಬಿಳಿ ಗೋಡೆಯ ಮುಂದೆ ನಿಲ್ಲಿಸಿದರೆ ಕ್ಯಾಮೆರಾ ಗೋಡೆಯನ್ನು ಅಳೆದು ಬೆಳಕು ಕಡಿಮೆ ಮಾಡುತ್ತದೆ, ಮುಖ ಮಸಿಯ ಮುದ್ದೆ. ಮುಖಕ್ಕೇ ಮೀಟರ್ ಹಿಡಿಯಿರಿ, ಇಲ್ಲವೇ ಬೆಳಕನ್ನು ಒಂದು ಸ್ಟಾಪ್, ಅಂದರೆ ಎರಡರಷ್ಟು, ಏರಿಸಿ. ಕ್ಯಾಸ್ಟೀಲಳೂ ಫೋಟೊ ನೋಡಿಯೇ ಬರೆಯುವವಳು. ಆದರೆ ಒಬ್ಬರದೇ ಹಲವಾರು ತೆಗೆದುಕೊಂಡು ಕೈ ಒಂದರಿಂದ, ನೋಟ ಇನ್ನೊಂದರಿಂದ ಕೂಡಿಸುತ್ತಾಳೆ.

ಅಮೆರಿಕದ್ದೇ ಇನ್ನೊಬ್ಬ ಕಲಾವಿದೆ ಏಮಿ ಶೆರಾಲ್ಡ್ ಬೇರೆ ದಾರಿ ಹಿಡಿದಳು: ಮೈಯೆಲ್ಲ ಬೂದು. 2018ರಲ್ಲಿ ಅವಳು ಬರೆದ ಮಿಶೆಲ್ ಒಬಾಮ ಚಿತ್ರ ಅನಾವರಣಗೊಂಡಾಗ ‘ಹೋಲುವುದಿಲ್ಲ’ ಎಂಬ ನಿಮ್ಮದೇ ದೂರು ಅಲ್ಲೂ ಎದ್ದಿತ್ತು.

ಹೋಲಿಕೆಯ ಮಾತೆತ್ತಿದ್ದೀರಿ, ಹೇಳಿಬಿಡುತ್ತೇನೆ. ಮದುವೆಗೆಂದು ಹುಡುಗಿಯ ಫೋಟೊ ತೆಗೆಸಿದರೆ ಸ್ಟುಡಿಯೋದವನು ಕೇಳದೆಯೇ ಎರಡು ಬಣ್ಣ ತಿಳಿ ಮಾಡಿ ಕೊಡುತ್ತಾನೆ. ‘ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ’ ಎನ್ನುತ್ತೇವೆ. ಆ ‘ಇದ್ದರೂ’ ನಮಗೆ ಕೇಳಿಸುವುದೇ ಇಲ್ಲ. ಅಮೆರಿಕದ ಕ್ರೇಯೋಲಾ ಕಂಪನಿ ತನ್ನ ‘ಮೈಬಣ್ಣ’ದ ಕಡ್ಡಿಗೆ 1962ರಲ್ಲೇ ‘ಪೀಚ್’ ಎಂದು ಹೆಸರು ಬದಲಿಸಿತು. ನಮ್ಮ ಮಕ್ಕಳು ಇಂದಿಗೂ ಆ ತೆಳುಗುಲಾಬಿ ಕಡ್ಡಿಗೆ ‘ಸ್ಕಿನ್ ಕಲರ್’ ಎನ್ನುತ್ತಾರೆ. ಅಪ್ಪನ ಚಿತ್ರ ಬರಿ ಎಂದರೆ ಅದನ್ನೇ ಎತ್ತಿಕೊಳ್ಳುತ್ತಾರೆ. ಅಪ್ಪ ಪಕ್ಕದಲ್ಲೇ ಎಣ್ಣೆಗಪ್ಪಗೆ ಕೂತಿರುತ್ತಾನೆ. ಆ ಚಿತ್ರಕ್ಕೆ ಹತ್ತಕ್ಕೆ ಎಂಟು ಕೊಟ್ಟವರು ಯಾರು ಮೇಷ್ಟ್ರೇ?

– ಸಂ.