ಕಂಪನಿ ಮೆಡಿಕಲ್‌ನಲ್ಲಿ ಎಚ್‌ಐವಿ ಬಂತು ಅಂತ ತಮ್ಮನಿಗೆ ರಿಸೈನ್ ಮಾಡು ಅಂತಿದಾರೆ, ಕಾನೂನಲ್ಲಿ ಏನಾದ್ರೂ ದಾರಿ ಇದೆಯಾ?

ಅಕ್ಕಾ, ಮೊದ್ಲು ತಮ್ಮನಿಗೆ ಫೋನ್ ಮಾಡಿ, ಯಾವ ಪೇಪರ್‌ಗೂ ಸೈನ್ ಹಾಕ್ಬೇಡ ಅಂತ ಹೇಳ್ಬಿಡಿ. ಮಿಕ್ಕಿದ್ದು ಆಮೇಲೆ ಓದ್ಕೊಳ್ಳಿ.

ಮೆಡಿಕಲ್ ಚೆಕಪ್ ಅಂತ ರಕ್ತ ತಗೊಂಡ್ರು, ಯಾವ ಟೆಸ್ಟು ಅಂತ ಹೇಳ್ಲಿಲ್ಲ, ಆಮೇಲೆ ಎಚ್‌ಆರ್ ಕರ್ದು ನೀನೇ ಬಿಟ್ಟೋಗು ಅಂದ್ರು ಅಂತ ಬರ್ದಿದೀರಲ್ಲ, 2019ರಲ್ಲಿ ನಂಗೂ ಹೆಚ್ಚುಕಮ್ಮಿ ಇದೇ ಆಯ್ತು. ನಮ್ದೂ ತುಮಕೂರು ಹತ್ರದ ಫ್ಯಾಕ್ಟರಿನೇ, ಹೆಸ್ರು ಬೇಡ. ಒಂದು ಬಿಳಿ ಹಾಳೆ, ಒಂದು ಪೆನ್ನು ಮುಂದಿಟ್ಟು "ವೈಯಕ್ತಿಕ ಕಾರಣಗಳಿಂದ" ಅಂತ ಅವ್ರೇ ಹೇಳ್ತಾ ಹೋದ್ರು, ನಾನು ಸ್ಕೂಲ್ ಹುಡುಗನ ತರ ಬರ್ಕೊಂಡು ಹೋದೆ. ಬರ್ದು ಮುಗ್ಸಿ ಪೆನ್ನು ವಾಪಸ್ ಕೊಡೋಕೆ ಹೋದ್ರೆ "ಪರ್ವಾಗಿಲ್ಲ, ನೀವೇ ಇಟ್ಕೊಳ್ಳಿ" ಅಂದ್ರು. ಐದು ರೂಪಾಯಿ ಪೆನ್ನು. ಕೆಲ್ಸ ಹೋಗಿದ್ದಕ್ಕಿಂತ ಅದು ಜಾಸ್ತಿ ಉರೀತು. ತಿಂಗಳಾದ್ಮೇಲೆ ಧೈರ್ಯ ಮಾಡಿ ಒಬ್ರು ಲಾಯರ್ ಹತ್ರ ಹೋದ್ರೆ ಹಾಳೆ ನೋಡಿ "ನೀನೇ ಬರ್ಕೊಟ್ಟಿದೀಯಲ್ಲಪ್ಪ, ತೆಗೆದ್ರು ಅಂತ ಯಾವ ಬಾಯಲ್ಲಿ ಹೇಳೋದು" ಅಂದ್ರು.

ಈಗ ಕಾನೂನು. ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ ಅಂತ 2017ರಲ್ಲಿ ಆಯ್ತು, ಜಾರಿಗೆ ಬಂದಿದ್ದು 2018 ಸೆಪ್ಟೆಂಬರ್ 10. ಅದ್ರ 3ನೇ ಸೆಕ್ಷನ್ ಪ್ರಕಾರ ಎಚ್‌ಐವಿ ಇದೆ ಅನ್ನೋ ಒಂದೇ ಕಾರಣಕ್ಕೆ ಕೆಲ್ಸ ಕೊಡ್ದೇ ಇರೋಹಂಗಿಲ್ಲ, ತೆಗೆಯೋಹಂಗೂ ಇಲ್ಲ, ಕೆಲ್ಸಕ್ಕೆ ಮುಂಚೆ ಈ ಟೆಸ್ಟ್ ಮಾಡಿಸ್ಲೇಬೇಕು ಅಂತ ಕೇಳೋಹಂಗೂ ಇಲ್ಲ. ತೆಗೀಲೇಬೇಕು ಅಂದ್ರೆ ಕಂಪನಿಗೆ ಸಂಬಂಧ ಇಲ್ದಿರೋ ಒಬ್ರು ಡಾಕ್ಟ್ರು, ಇವ್ನಿಂದ ಬೇರೆಯವ್ರಿಗೆ ಹರಡೋ ಅಪಾಯ ಗಣನೀಯವಾಗಿದೆ ಅಥವಾ ಇವ್ನ ಕೈಲಿ ಈ ಕೆಲ್ಸ ಆಗಲ್ಲ ಅಂತ ಬರ್ದು ಕೊಟ್ಟಿರ್ಬೇಕು, ಅದ್ರ ಕಾಪಿ ನಿಮ್ಮ ತಮ್ಮನ ಕೈಗೆ ಬರ್ಬೇಕು, ಬೇರೆ ಅನುಕೂಲ ಮಾಡ್ಕೊಡೋಕೆ ಯಾಕಾಗಲ್ಲ ಅಂತ ಕಂಪನಿನೂ ಲಿಖಿತವಾಗಿ ಹೇಳ್ಬೇಕು. ನಿಮ್ಮ ತಮ್ಮನ ತರ ಲೇತ್ ಮೆಷಿನ್ ಓಡ್ಸೋನಿಂದ ಹರಡುತ್ತೆ ಅಂತ ಯಾವ ಡಾಕ್ಟ್ರು ತಾನೇ ಬರ್ದಾರು? ಅದಕ್ಕೇ ಯಾರೂ ತೆಗೆಯೋಕೆ ಹೋಗಲ್ಲ, ನಿಮ್ಮ ಕೈಲೇ ರಿಸೈನ್ ಬರ್ಸ್ಕೊಳ್ತಾರೆ. ಗುಟ್ಟು ಇಷ್ಟೇ.

ಕೇಳ್ದೇ ಟೆಸ್ಟ್ ಮಾಡಿದ್ದೂ ತಪ್ಪು, ಮೊದ್ಲೇ ತಿಳ್ಸಿ ಒಪ್ಪಿಗೆ ತಗೋಬೇಕು. ರಿಪೋರ್ಟ್ ಅವ್ನಿಗಿಂತ ಮುಂಚೆ ಎಚ್‌ಆರ್ ಟೇಬಲ್‌ಗೆ ಹೋಗಿದ್ದು ಇನ್ನೂ ದೊಡ್ಡ ತಪ್ಪು. ಇನ್ನೊಂದು, ಕಂಪನಿ ಲ್ಯಾಬಿನ ಒಂದು ರಿಪೋರ್ಟ್ ನೋಡಿ ಮನೇಲಿ ಅಳ್ತಾ ಕೂತ್ಕೋಬೇಡಿ. ಸರ್ಕಾರಿ ಆಸ್ಪತ್ರೆ ಐಸಿಟಿಸಿಲಿ, ಅಂದ್ರೆ ಎಚ್‌ಐವಿ ಸಲಹೆ ಮತ್ತು ಟೆಸ್ಟ್ ಕೇಂದ್ರದಲ್ಲಿ, ಬೇರೆ ಬೇರೆ ತರದ ಮೂರು ಟೆಸ್ಟಲ್ಲೂ ಬಂದ್ರೇನೇ ಪಾಸಿಟಿವ್ ಅನ್ನೋದು. ಫ್ರೀ, ಕೌನ್ಸೆಲರ್ ಇರ್ತಾರೆ, ಪಾಸಿಟಿವ್ ಆದ್ರೆ ವೈರಸ್ ಹತೋಟೀಲಿಡೋ ಎಆರ್‌ಟಿ ಮಾತ್ರೆನೂ ಫ್ರೀ. ಏಡ್ಸ್ ಸಹಾಯವಾಣಿ 1097ಗೆ ಫೋನ್ ಮಾಡಿದ್ರೆ ಹತ್ರದ್ದು ಎಲ್ಲಿ ಅಂತ ಹೇಳ್ತಾರೆ.

ಕಂಪನಿ ವಿಷ್ಯಕ್ಕೆ ಬಂದ್ರೆ, ದಿನಾ ಡ್ಯೂಟಿಗೆ ಹೋಗ್ಲಿ. ಗೇಟಲ್ಲಿ ತಡೆದ್ರೆ ಅಲ್ಲೇ ನಿಂತು ಎಚ್‌ಆರ್‌ಗೆ ಮೆಸೇಜ್ ಹಾಕ್ಲಿ, "ಇಷ್ಟೊತ್ತಿಗೆ ಬಂದಿದೀನಿ, ಒಳಗೆ ಬಿಡ್ತಿಲ್ಲ, ಕಾರಣ ಬರವಣಿಗೇಲಿ ಕೊಡಿ" ಅಂತ. ಕಾಯಿಲೆ ಹೆಸ್ರು ಮಾತ್ರ ಅದ್ರಲ್ಲಿ ಬೇಡ. ನೂರು ಜನ ಅಥ್ವಾ ಅದಕ್ಕಿಂತ ಜಾಸ್ತಿ ಇರೋ ಕಡೆ ಇದಕ್ಕೇ ಅಂತ ಒಬ್ರು ದೂರು ಅಧಿಕಾರಿ ಇರ್ಬೇಕು, ಬಹಳ ಕಡೆ ಇಂಥವ್ರು ಇರ್ತಾರೆ ಅನ್ನೋದೇ ಎಚ್‌ಆರ್‌ಗೆ ಗೊತ್ತಿರಲ್ಲ, ಆದ್ರೂ ಕೇಳಿ. ಅದಾದ್ಮೇಲೆ ರಾಜ್ಯದ ಒಂಬುಡ್ಸ್‌ಮನ್, ಅಂದ್ರೆ ಈ ಕಾಯ್ದೆ ಕೆಳಗಿನ ದೂರು ವಿಚಾರಿಸೋರು, 30 ದಿನದೊಳಗೆ ಆದೇಶ ಮಾಡ್ಬೇಕು. ಆ ಆದೇಶ ಪಾಲಿಸ್ಲಿಲ್ಲ ಅಂದ್ರೆ ದಂಡ 10,000 ರೂಪಾಯಿವರೆಗೂ, ಆಮೇಲೂ ಹಂಗೇ ಮುಂದುವರಿಸಿದ್ರೆ ದಿನಕ್ಕೆ 5,000ವರೆಗೂ. ದೊಡ್ಡ ಕಂಪನಿಗೆ ಹತ್ತು ಸಾವ್ರ ಕ್ಯಾಂಟೀನ್ ಟೀ ದುಡ್ಡು, ನನ್ನ ಕೇಳಿದ್ರೆ ತೀರಾ ಕಮ್ಮಿ, ಆದ್ರೆ ದಿನದ ಲೆಕ್ಕ ಸ್ವಲ್ಪ ಚುರುಕು ಮುಟ್ಟಿಸುತ್ತೆ.

ಲಾಯರ್ ಫೀಸು ಅಂತ ಹೆದರ್ಬೇಡಿ. ತುಮಕೂರು ಕೋರ್ಟ್‌ಗೆ ಹೋಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿ ಅಂತ ಕೇಳಿ, ಕಾರ್ಖಾನೆ ಕಾರ್ಮಿಕರಿಗೆ ಸಂಬಳ ಎಷ್ಟೇ ಇದ್ರೂ ಫ್ರೀ ಲಾಯರ್ ಕೊಡ್ಬೇಕು ಅಂತಿದೆ, ಈ ವಿಷ್ಯ ನಂಗೆ ಆವಾಗ ಗೊತ್ತಿರ್ಲಿಲ್ಲ. ಹೋಗೋಕೆ ಆಗ್ಲಿಲ್ಲ ಅಂದ್ರೆ ಕಾನೂನು ನೆರವಿನ ಸಹಾಯವಾಣಿ 15100ಗೆ ಫೋನ್ ಮಾಡಿ.

ಊರಿಗೆಲ್ಲ ಗೊತ್ತಾಗುತ್ತೆ ಅಂತ ಅಮ್ಮ ಬೇಡ ಅಂತಿದಾರೆ ಅಂದ್ರಲ್ಲ, ಕೋರ್ಟಲ್ಲಿ ಬೇರೆ ಹೆಸ್ರಲ್ಲಿ ನಡೆಸಿ ಅಂತ ಕೇಳ್ಕೋಬಹುದು, ಬಾಗ್ಲು ಮುಚ್ಚಿ ವಿಚಾರಣೆ ಮಾಡಿ ಅಂತಾನೂ ಕೇಳ್ಬಹುದು. ಈ ಕಾಯ್ದೆ ಇಲ್ದೇ ಇದ್ದ ಕಾಲಕ್ಕೇ, 1997ರಲ್ಲಿ, ಬಾಂಬೆ ಹೈಕೋರ್ಟಲ್ಲಿ ಒಬ್ಬ ಕೂಲಿ ಕಾರ್ಮಿಕ ಇಂಥದೇ ಕೇಸ್ ಗೆದ್ದಿದಾನೆ, ತೀರ್ಪಲ್ಲಿ ಅವ್ನ ಹೆಸ್ರು ಎಂಎಕ್ಸ್ ಅಷ್ಟೇ. ಅಮ್ಮನಿಗೆ ಇದನ್ನ ಹೇಳಿ.

ಇನ್ನೊಂದು ಮರ್ತಿದ್ದೆ. ಐಡಿ ಕಾರ್ಡು, ಸ್ಯಾಲರಿ ಸ್ಲಿಪ್ಪು ಎಲ್ಲಾ ಇವತ್ತು ರಾತ್ರೀನೇ ಫೋಟೋ ತೆಗ್ದು ನಿಮಗೆ ಕಳ್ಸೋಕೆ ಹೇಳಿ. ಗೇಟಲ್ಲಿ ಕಾರ್ಡ್ ಕಿತ್ಕೊಳ್ತಾರೆ, ನಂದು ಹಂಗೇ ಹೋಯ್ತು.